ಸುನ್ನಾಮ್ ಕೆತ್ತಿದ ನಾನೂರ ಹನ್ನೆರಡು ಹೆಸರು

ಮಧ್ಯಾಹ್ನದ ವಾರ್ತೆಯಲ್ಲಿ ಆ ತಟ್ಟೆ ಕಾಣಿಸಿದಾಗ ಪ್ಯೋ ಸುನ್ನಾಮ್ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು. ಸಿಯೋಲ್‌ನ ತನಿಖಾ ಕಚೇರಿಯ ಉದ್ದನೆಯ ಮೇಜು, ಅದರ ಮೇಲೆ ವಶಪಡಿಸಿಕೊಂಡ ಸಾಮಾನು. ಎರಡು ಕಂಪ್ಯೂಟರು, ಒಂದಷ್ಟು ರಟ್ಟಿನ ಪೆಟ್ಟಿಗೆ, ಆಮೇಲೆ ಒಂದು ಅಗಲ ತಟ್ಟೆಯ ತುಂಬ ಬೆರಳುದ್ದದ ಮರದ ಮೊಹರುಗಳು, ಜನ ಸಹಿಯ ಬದಲು ಒತ್ತುವ ಹೆಸರಿನ ಮೊಹರುಗಳು. ಕೆತ್ತಿದ ಮುಖ ಮೇಲಾಗಿ ನಿಲ್ಲಿಸಿದ್ದರು. ಕ್ಯಾಮೆರಾ ಅವುಗಳ ಹತ್ತಿರ ಹೋಗಿ ಎರಡು ಉಸಿರಿನಷ್ಟು ಹೊತ್ತು ನಿಂತು ಸರಿಯಿತು. ಸುನ್ನಾಮ್‌ಗೆ ಅಷ್ಟೇ ಸಾಕಾಯಿತು. ಹೆತ್ತವಳಿಗೆ ಮಕ್ಕಳ ಬೆನ್ನು ಕಂಡರೂ ಗುರುತು ಸಿಗುತ್ತದೆ.

ಅವಳು ಎಡಚಿ. ಎಡಗೈ ಚಾಕು ಹಾಯ್ದ ಗೆರೆ ಒಂದು ಬದಿಗೆ ಒರಗಿರುತ್ತದೆ, ಗಾಳಿಗೆ ಬಾಗಿದ ಪೈರಿನ ಹಾಗೆ. ಆ ತಟ್ಟೆಯ ಮೊಹರುಗಳ ಗೆರೆಗಳೆಲ್ಲ ಹಾಗೇ ಬಾಗಿದ್ದವು.

"ರಾಷ್ಟ್ರಾಧ್ಯಕ್ಷರ ಚುನಾವಣಾ ತಂಡದಲ್ಲಿದ್ದ ಇಬ್ಬರು ಮಾಜಿ ಸಹಾಯಕರ ಮೇಲೆ ಇಂದು ಆರೋಪ ಹೊರಿಸಲಾಗಿದೆ," ಎನ್ನುತ್ತಿದ್ದಳು ವಾರ್ತೆಯವಳು. ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆ ಗೆಲ್ಲಲು ಸಾವಿರಾರು ಜನರ ಹೆಸರಲ್ಲಿ ಸುಳ್ಳು ಸದಸ್ಯತ್ವದ ಅರ್ಜಿ ತುಂಬಿ, ಸುಳ್ಳು ಮೊಹರು ಒತ್ತಿದ್ದಾರೆ. ಮೊಹರು ಕೆತ್ತಿದವರು ಯಾರೆಂದು ಹುಡುಕಲಾಗುತ್ತಿದೆ.

ಚಮಚ ಗಂಡನ ತುಟಿಯ ಹತ್ತಿರವೇ ನಿಂತಿತ್ತು. ಮಾನ್‌ಗಿಲ್ ಬಾಯಿ ತೆರೆದು ಕಾಯುತ್ತಿದ್ದ. ಪಾರ್ಶ್ವವಾಯು ಬಡಿದು ನಾಲ್ಕು ವರ್ಷ. ಮಾತು ಹೋಗಿತ್ತು, ಮೈಯ ಬಲಭಾಗ ಪೂರ್ತಿ, ಎಡಭಾಗ ಬಹುಪಾಲು ಹೋಗಿತ್ತು. ಉಳಿದದ್ದು ಕಣ್ಣು ಮತ್ತು ಎಡಗೈಯ ಎರಡು ಬೆರಳು. ಎರಡೆರಡು ತಾಸಿಗೊಮ್ಮೆ ಅವನನ್ನು ಮಗ್ಗುಲು ತಿರುಗಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಆ ಕ್ಷಣ ಅವಳಿಗೆ ಹೊಳೆದದ್ದು ಜೈಲಲ್ಲ, ಊರವರ ಮಾತೂ ಅಲ್ಲ. ನನ್ನನ್ನು ಕರೆದುಕೊಂಡು ಹೋದರೆ ಇವರನ್ನು ತಿರುಗಿಸುವವರು ಯಾರು?

ಪಕ್ಕದ ಪಲ್ಯದಂಗಡಿಯ ಕುಮ್‌ಜಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ತಲೆ ಹಾಕಿದಳು.

"ಅಕ್ಕಾ, ವಾರ್ತೆ ನೋಡಿದ್ರಾ? ನಮ್ಮೂರ ಹುಡುಗ ಅಧ್ಯಕ್ಷ ಆದ್ರೆ ಊರಿಗೆ ರೈಲು ಬರುತ್ತೆ ಅಂತಿದ್ರು. ಈಗ ನೋಡಿದ್ರೆ ಪೊಲೀಸ್ ವ್ಯಾನ್ ಬರೋ ಹಾಗಿದೆ!"

ಸುನ್ನಾಮ್ ನಕ್ಕಳು. ನಗದಿದ್ದರೆ ಅನುಮಾನ ಬರುತ್ತದೆ ಎಂದುಕೊಂಡು ನಕ್ಕಳು.

ಹನ್‌ಗೋಕ್‌ನ ತಾಲೂಕು ಕಚೇರಿಯ ಎದುರಿಗಿದ್ದ ಆ ಮೊಹರಿನಂಗಡಿ ಎಂಟು ಚಾಪೆ ಹಾಸುವಷ್ಟು ಜಾಗ. ಮುಂದೆ ಕೆಲಸದ ಮೇಜು, ಹಿಂದೆ, ಅಡಿಯಿಂದ ಬಿಸಿ ಹಾಯಿಸಿದ ಬೆಚ್ಚನೆ ನೆಲದ ಒಂದೇ ಕೋಣೆ. ಇಪ್ಪತ್ತೊಂದನೆಯ ವಯಸ್ಸಿಗೆ ಮದುವೆಯಾಗಿ ಬಂದವಳು ಮೊದಲ ಮೂರು ವರ್ಷ ಮರವನ್ನು ಮರಳು ಕಾಗದದಲ್ಲಿ ಉಜ್ಜುತ್ತಲೇ ಕಳೆದಳು. ಒಂದು ದಿನ ಮಾನ್‌ಗಿಲ್ ತಾನಾಗಿಯೇ ಅವಳ ಕೈಗೆ ಚಾಕು ಕೊಟ್ಟ. ಅವಳು ಅದನ್ನು ಎಡಗೈಯಲ್ಲಿ ಹಿಡಿದಾಗ ಅವನ ಅಪ್ಪ ಮೂಗು ಮುರಿದರು. ಮಾನ್‌ಗಿಲ್, "ಮೊಹರು ಕೆತ್ತೋದೇ ಉಲ್ಟಾ ಅಲ್ವಾ ಅಪ್ಪ, ಉಲ್ಟಾ ಕೈ ಇದ್ರೆ ಒಳ್ಳೇದೇ," ಎಂದ. ಅಲ್ಲಿಂದ ಒಳ್ಳೆಯ ಮೊಹರು ಅವನದು, ಅಗ್ಗದ ಮೊಹರು ಅವಳದು. ಮದುವೆ ನೋಂದಣಿಗೆ ಓಡಿ ಬಂದು, ಮೊಹರು ಮರೆತೆವು ಎಂದು ತಲೆ ಕೆರೆದುಕೊಳ್ಳುವ ಜೋಡಿಗಳಿಗೆಲ್ಲ ಕಾಲು ತಾಸಿನಲ್ಲಿ ಕೆತ್ತಿ ಕೊಡುತ್ತಿದ್ದವಳು ಅವಳೇ.

ಅವನು ಕಲಿಸಿದ್ದು ಎರಡು ಮಾತು. "ಹೆಸರು ಓದಬೇಡ," ಎನ್ನುತ್ತಿದ್ದ. "ಓದಿದ್ರೆ ಆ ಮನುಷ್ಯ ಕಣ್ಣ ಮುಂದೆ ಬಂದು ಕೂತ್ಕೋತಾನೆ, ಕೈ ಅಲ್ಲಾಡುತ್ತೆ. ಗೆರೆ ನೋಡು, ಗೆರೆಗೂ ಗೆರೆಗೂ ನಡುವೆ ಇರೋ ಖಾಲಿ ನೋಡು." ಇನ್ನೊಂದು, ಕೆತ್ತಿದ ಪ್ರತಿ ಮೊಹರನ್ನೂ ಕೊಡುವ ಮೊದಲು ಕೆಂಪು ಮಸಿ ತಾಗಿಸಿ ತೆಳು ಕಾಗದದ ಮೇಲೆ ಒಮ್ಮೆ ಒತ್ತಿ ಇಟ್ಟುಕೊಳ್ಳುವುದು. ಗೆರೆ ಒಡೆದಿದೆಯೇ ಎಂದು ನೋಡಲು. ಆ ಕಾಗದಗಳನ್ನು ಆ ಮನೆಯಲ್ಲಿ ಯಾರೂ ಎಸೆದವರಲ್ಲ. ಮಾವನ ಕಾಲದವೂ ಅಟ್ಟದಲ್ಲಿದ್ದವು.

ಎರಡು ವರ್ಷದ ಹಿಂದೆ, ನಾಟಿಯ ಹೊತ್ತಿನಲ್ಲಿ, ತಾಕ್ ಬಂದಿದ್ದ. ಮಾನ್‌ಗಿಲ್‌ಗೆ ಶಾಲೆಯಲ್ಲಿ ಎರಡು ತರಗತಿ ಕಿರಿಯ, ಆಗ ಈಗಿನ ಅಧ್ಯಕ್ಷರ ಹನ್‌ಗೋಕ್ ಪ್ರಚಾರ ಕಚೇರಿಯ ಮುಖ್ಯಸ್ಥ. ಉದ್ದನೆಯ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟ.

"ಅಭಿಮಾನಿ ಸಂಘದವರು, ಅತ್ತಿಗೆ. ಅರ್ಜಿಗೆ ಮೊಹರು ಬೇಕು. ಎಲ್ಲರೂ ಗದ್ದೆಯಲ್ಲಿದ್ದಾರೆ, ಒಬ್ಬೊಬ್ಬರೇ ಬಂದು ಕೆತ್ತಿಸ್ಕೋ ಅಂದ್ರೆ ಆಗುತ್ತಾ? ಸೋಮವಾರದ ಒಳಗೆ ಆದ್ರೆ ಪುಣ್ಯ ಬರುತ್ತೆ."

ಅದರಲ್ಲಿ ಅವಳಿಗೆ ವಿಚಿತ್ರವೇನೂ ಕಾಣಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ಮುಖಂಡನ ಚೀಲದಲ್ಲೇ ಇಡೀ ಊರಿನ ಮೊಹರು ಇರುತ್ತಿದ್ದವು. ಗೊಬ್ಬರ ಬಂದರೆ, ಬೀಜ ಬಂದರೆ, ಅವನೇ ಎಲ್ಲರ ಪರವಾಗಿ ಒತ್ತುತ್ತಿದ್ದ. ಕಳೆದುಹೋದರೆ ಪಟ್ಟಿ ತಂದು ಮೂವತ್ತು ನಲವತ್ತು ಒಟ್ಟಿಗೆ ಕೆತ್ತಿಸುತ್ತಿದ್ದ. ಇದು ನಾನೂರ ಹನ್ನೆರಡು, ಅಷ್ಟೇ ವ್ಯತ್ಯಾಸ. ಆರು ದಿನ ಅವಳು ಗಂಡನನ್ನು ತಿರುಗಿಸಲು ಮಾತ್ರ ಮೇಜು ಬಿಟ್ಟೆದ್ದಳು. ಮರದ ಹುಡಿ ಅನ್ನದಲ್ಲೂ ಸಿಗುತ್ತಿತ್ತು.

ಮಧ್ಯಾಹ್ನದ ಆ ವಾರ್ತೆ ಮುಗಿದ ಮೇಲೆ ಅಂಗಡಿಯ ಬಾಗಿಲೆಳೆದು ಅಟ್ಟಕ್ಕೆ ಏಣಿ ಹಾಕಿದಳು. ಆ ಪಟ್ಟಿಯ ಮೊಹರುಗಳ ಅಚ್ಚು, ಹದಿನಾಲ್ಕು ಹಾಳೆ. ದಾರ ಬಿಚ್ಚಿ ನೆಲದ ಮೇಲೆ ಹರಡಿದಳು. ಮರದ ಮೇಲೆ ತಿರುವುಮುರುವಾಗಿ ಬರೀ ಗೆರೆಗಳಾಗಿದ್ದವೇ ಈಗ ನೆಟ್ಟಗೆ, ಕೆಂಪಗೆ, ಹೆಸರಾಗಿ ಕೂತಿದ್ದವು. ಅವಳು ಮೊದಲ ಬಾರಿಗೆ ಓದಿದಳು.

ಮೂರನೆಯ ಹಾಳೆಯಲ್ಲಿ ನೂಡಲ್ ಅಂಗಡಿಯ ಅಜ್ಜಿ. ಆ ಅಜ್ಜಿ ತೀರಿಕೊಂಡದ್ದು ಪಟ್ಟಿ ಬರುವುದಕ್ಕೂ ಹಿಂದಿನ ಚಳಿಗಾಲ. ಸುನ್ನಾಮ್ ಶವಸಂಸ್ಕಾರದ ಮೂರು ದಿನವೂ ಆ ಮನೆಯಲ್ಲಿ ನಿಂತು ಸಾವಿಗೆ ಬಂದವರಿಗೆ ಸಾರು ಬಡಿಸಿದ್ದಳು. ಏಳನೆಯದರಲ್ಲಿ ನದಿಗೆ ಬಿದ್ದು ಹೋದ ದೋಣಿಯವನು. ಅವನ ಕೆಳಗೆ, ಮಗಳ ಮನೆಗೆಂದು ಪರದೇಶಕ್ಕೆ ಹೋಗಿ ವಾಪಸ್ಸು ಬಾರದ ಟೀಚರು. ಹನ್ನೊಂದನೆಯ ಹಾಳೆಯ ನಡುವಿನ ಸಾಲಿನಲ್ಲಿ ಅವಳ ಬೆರಳು ನಿಂತಿತು.

ದೋ ಮಾನ್‌ಗಿಲ್.

ದೋ ಮನೆತನದ ಮಾನ್‌ಗಿಲ್ ಊರಲ್ಲಿ ಇನ್ನೊಬ್ಬನಿಲ್ಲ. ಪೆನ್ನು ಹಿಡಿಯಲಾಗದ, ಹೌದು ಅಲ್ಲ ಎನ್ನಲೂ ಆಗದ ಅವಳ ಗಂಡ ಅಧ್ಯಕ್ಷರ ಪಕ್ಷ ಸೇರಿದ್ದ. ಅವನು ಮಲಗಿದ್ದ ಜಾಗದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಅವನ ಮೊಹರನ್ನು ಅವಳೇ ಕೆತ್ತಿದ್ದಳು, ಹುಡಿ ಊದಿದ್ದಳು, ಇಲ್ಲಿ ಒತ್ತಿಯೂ ನೋಡಿದ್ದಳು. ಕಾಣಲಿಲ್ಲ.

ಇದನ್ನು ಯಾರು ನಂಬುತ್ತಾರೆ? ಅವಳ ಕಾಲು ತಣ್ಣಗಾಯಿತು. ಬೆಚ್ಚನೆ ನೆಲದ ಮೇಲೆ ಕೂತೂ ತಣ್ಣಗಾಯಿತು.

ಆಮೇಲಿನ ಹತ್ತು ದಿನದಲ್ಲಿ ಊರು ಮಗ್ಗುಲು ಬದಲಾಯಿಸಿತು. ನಾಲ್ಕು ರಸ್ತೆ ಕೂಡುವಲ್ಲಿ, 'ಅಧ್ಯಕ್ಷರೇ, ಹನ್‌ಗೋಕ್ ನಿಮ್ಮ ಬೆನ್ನಿಗಿದೆ' ಎಂಬ ಬ್ಯಾನರು ಮೊದಲ ದಿನವೇ ಏರಿತ್ತು. ನಾಲ್ಕನೆಯ ದಿನ ಅದರ ಕೆಳಗೆ ವಿರೋಧ ಪಕ್ಷದ್ದು ಬಂತು: 'ಸತ್ತವರನ್ನು ಮಲಗಲು ಬಿಡಿ'. ಎಂಟನೆಯ ದಿನ ಮೇಲಿನದನ್ನು ಯಾರೋ ಇಳಿಸಿದರು. ಯಾರೆಂದು ಯಾರೂ ಕೇಳಲಿಲ್ಲ. ಈ ಭಾಗದ ಸಂಸದರು ಟಿವಿಯಲ್ಲಿ ಸೊಂಟ ಬಾಗಿಸಿ ಕ್ಷಮೆ ಕೇಳಿ ಪಕ್ಷ ಬಿಟ್ಟರು. ಸಾರಿನ ಹೋಟೆಲಿನವನು ಅಧ್ಯಕ್ಷರ ಜೊತೆ ತಾನು ನಿಂತ ಪಟವನ್ನು ತೆಗೆಯಲೂ ಹೆದರಿ, ಬಿಡಲೂ ಹೆದರಿ, ಅದರ ಮೇಲೊಂದು ಕ್ಯಾಲೆಂಡರು ನೇತುಹಾಕಿದ. ಅಭಿಮಾನಿ ಸಂಘದ ಹಳದಿ ಜಾಕೆಟ್ ತೊಟ್ಟು ಓಡಾಡುತ್ತಿದ್ದವರು ಈಗ ಅದನ್ನೇ ಒಳಮಗ್ಗುಲು ಹೊರಗೆ ಮಾಡಿ ತೊಟ್ಟು ಮೂಲಂಗಿ ಗದ್ದೆಗೆ ಹೋಗುತ್ತಿದ್ದರು.

ಸುಳ್ಳು ಅರ್ಜಿಗಳಲ್ಲಿದ್ದ ಹೆಸರುಗಳು ಮನೆಮನೆಗೂ ತಲುಪಿದವು. ಒಂದು ಬೆಳಿಗ್ಗೆ ಸುನ್ನಾಮ್ ಕುಮ್‌ಜಾಳ ಅಂಗಡಿಯಲ್ಲಿ ಸೋಯಾ ಮೊಳಕೆ ಕಟ್ಟಿಸಿಕೊಳ್ಳುತ್ತಿದ್ದಾಗ ನೂಡಲ್ ಅಜ್ಜಿಯ ಮಗ ಗ್ಯೂಹೋ ಬಂದ. ಕಣ್ಣು ಕೆಂಪಗಿತ್ತು.

"ನಮ್ಮಮ್ಮ ಬದುಕಿದ್ದಾಗ ಒಂದು ಸಂಘ ಸೇರಿದವಳಲ್ಲ. ಸತ್ತ ಮೇಲೆ ಪಕ್ಷ ಸೇರಿದ್ದಾಳಂತೆ! ಯಾವನೋ ಕೂತು ಅವಳ ಹೆಸರು ಕೆತ್ತಿದ್ದಾನಲ್ಲ, ಆ ಕೈ ಸಿಗಲಿ ನಂಗೆ. ಬೆರಳು ಬೆರಳೇ ಮುರೀತೀನಿ."

"ಮೆಲ್ಲಗೆ ಮಾತಾಡಪ್ಪ, ಜಾಡಿಯಲ್ಲಿರೋ ನನ್ನ ಕಿಮ್ಚಿ ಹುಳಿಯಾಗುತ್ತೆ," ಎಂದಳು ಕುಮ್‌ಜಾ. "ಸಿಯೋಲ್‌ನಲ್ಲಿ ಮಿಷನ್ನಿಗೆ ಹಾಕಿ ಕೆತ್ತಿಸಿರ್ತಾರೆ. ಅಲ್ವಾ ಅಕ್ಕಾ?"

ಸುನ್ನಾಮ್ ಎಡಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, "ಈಗೆಲ್ಲ ಮಿಷನ್ನೇ," ಎಂದಳು. ಪೊಟ್ಟಣವನ್ನು ಬಲಗೈಯಲ್ಲಿ ಇಸಿದುಕೊಂಡಳು. ಗ್ಯೂಹೋ ಅವಳತ್ತ ತಿರುಗಿ ಸೊಂಟ ಬಾಗಿಸಿದ. "ಅಮ್ಮನ ಸಾವಿನಲ್ಲಿ ನೀವು ನಿಂತು ಮಾಡಿದ್ದು ಮರೆಯಲ್ಲಮ್ಮ." ಅವಳು ಪೊಟ್ಟಣ ಎದೆಗವಚಿಕೊಂಡು ಹೊರಬಿದ್ದಳು.

ತಾಕ್ ಬಂದದ್ದು ಆ ದಿನವೇ, ಊಟದ ಹೊತ್ತು ಕಳೆದ ಮೇಲೆ. ಹತ್ತು ದಿನದಲ್ಲಿ ಹತ್ತು ವರ್ಷ ಮುದುಕನಾಗಿದ್ದ. ಹಣ್ಣಿನ ಪೆಟ್ಟಿಗೆಯೊಂದನ್ನು ಹೊಸ್ತಿಲ ಮೇಲಿಟ್ಟು, ಒಳಕೋಣೆಯತ್ತ ಬಗ್ಗಿ, "ಅಣ್ಣ ಹೇಗಿದ್ದೀರಿ?" ಎಂದು ಕೂಗಿ, ಮೇಜಿನೆದುರು ಕೂತ.

"ಅತ್ತಿಗೆ, ಆ ಅಚ್ಚಿನ ಕಾಗದ ಇಟ್ಕೊಂಡಿದ್ದೀರಾ?"

"ಯಾವ ಕಾಗದ?"

"ಅಣ್ಣನ ಅಂಗಡಿಯಲ್ಲಿ ನಾನು ಶಾಲೆ ಬಿಟ್ಟು ಬಂದು ಆಟ ಆಡಿದವನು. ನಂಗೆ ಹೇಳಬೇಡಿ ಯಾವ ಕಾಗದ ಅಂತ. ಕೊಡಿ, ಇಲ್ಲೇ ಒಲೆಗೆ ಹಾಕಿ ಹೋಗ್ತೀನಿ."

ಸುನ್ನಾಮ್ ಮೇಜಿನ ಮೇಲಿನ ಹುಡಿಯನ್ನು ಅಂಗೈಯಿಂದ ಒಂದು ಕಡೆಗೆ ಗುಡಿಸಿದಳು. "ನೂಡಲ್ ಅಜ್ಜಿ ಸತ್ತಿದ್ರು ಅಂತ ನಿಮಗೆ ಗೊತ್ತಿತ್ತಾ?"

"ಮೇಲಿಂದ ಸಂಖ್ಯೆ ಬಂತು, ಅತ್ತಿಗೆ. ಇಷ್ಟು ಜನ ಬೇಕು ಅಂದ್ರು. ಹಳೇ ಟೆಲಿಫೋನ್ ಪುಸ್ತಕ ತೆಗೆದು ಕಚೇರಿ ಹುಡುಗಿಯರ ಹತ್ರ ಬರೆಸಿದೆ. ಯಾರು ಸತ್ತಿದ್ದಾರೆ, ಯಾರು ಬದುಕಿದ್ದಾರೆ, ನೋಡೋಕೆ ಪುರುಸೊತ್ತು ಎಲ್ಲಿತ್ತು? ಸಿಯೋಲ್‌ನಲ್ಲಿ ಸಿಕ್ಕಿಬಿದ್ದ ಆ ಇಬ್ಬರು ದೊಡ್ಡವರು ಈಗ ಏನಂತಾರೆ ಗೊತ್ತಾ? ಹಳ್ಳಿಯವರ ಉತ್ಸಾಹ ಜಾಸ್ತಿಯಾಯ್ತು ಅಂತಾರೆ. ಉತ್ಸಾಹ!"

"ನಮ್ಮನೆಯವರ ಹೆಸರೂ ಇದೆ."

ತಾಕ್ ಒಳಕೋಣೆಯತ್ತ ನೋಡಲಿಲ್ಲ. "ಇದೆಯಾ," ಎಂದ. ಮತ್ತೆ ದನಿ ಇಳಿಸಿದ. "ಹಾಗಾದ್ರೆ ಯೋಚನೆ ಮಾಡಿ. ಮಲಗಿರೋ ಗಂಡನ ಹೆಸರು ಹೆಂಡತಿ ಕೈಯಲ್ಲೇ ಕೆತ್ತಿಸಿದೆ ಅಂದ್ರೆ, ಹೆಂಡತಿಗೆ ಗೊತ್ತಿರಲಿಲ್ಲ ಅಂತ ಯಾವ ನ್ಯಾಯಾಧೀಶ ಬರೀತಾನೆ? ನಾನು ಒಳಗೆ ಹೋದ್ರೆ ನೀವೂ ಬರ್ತೀರಿ. ನನ್ನ ಹೆಂಡತಿ ನಂಗೆ ಬುತ್ತಿ ತರ್ತಾಳೆ. ಅಣ್ಣನ ಮಗ್ಗುಲು ತಿರುಗಿಸೋರು ಯಾರು?"

ಅವಳು ಹತ್ತು ದಿನ ತನಗೆ ತಾನೇ ಕೇಳಿಕೊಂಡ ಪ್ರಶ್ನೆ ಇನ್ನೊಬ್ಬರ ಬಾಯಲ್ಲಿ ಬಂದಿತ್ತು.

"ಕಾಗದ ಇಲ್ಲ," ಎಂದಳು. "ಇಲಿ ತಿಂದು ಹೋಯ್ತು."

ತಾಕ್ ಅವಳ ಮುಖವನ್ನೇ ನೋಡಿದ. ನಂಬಿದನೋ ಇಲ್ಲವೋ. "ಇಲಿಗೆ ಒಳ್ಳೇದಾಗಲಿ," ಎಂದು ಎದ್ದು ಹೋದ.

ತಾಕ್ ಬಂದುಹೋದ ಮೂರನೆಯ ದಿನ ಫೋನು ಬಂತು. ಗಂಡಸಿನ ದನಿ, ತೀರಾ ವಿನಯ. ಜಿಲ್ಲಾ ತನಿಖಾ ಕಚೇರಿಗೆ ಗುರುವಾರ ಹತ್ತು ಗಂಟೆಗೆ ಬರಬೇಕು, ಆರೋಪಿಯಾಗಿ ಅಲ್ಲ, ಸಾಕ್ಷಿಯಾಗಿ. "ಸದ್ಯಕ್ಕೆ," ಎಂದು ಕೊನೆಗೆ ಸೇರಿಸಿದ. ಆ ಒಂದು ಪದ ಅವಳ ಜೊತೆ ಅಡುಗೆ ಮಾಡಿತು, ಬಟ್ಟೆ ಒಗೆಯಿತು.

ಹಾಳೆಗಳನ್ನು ಸುಡುವುದೋ, ಕೊಡುವುದೋ. ಸುಟ್ಟರೆ ತಾನು ಕೆತ್ತಿಲ್ಲ ಎನ್ನಬಹುದು. ಆದರೆ ತಟ್ಟೆಯಲ್ಲಿ ನಾನೂರು ಮೊಹರು ಎಡಕ್ಕೆ ಬಾಗಿ ನಿಂತಿವೆ. ತನಗೆ ಒಂದು ನೋಟಕ್ಕೆ ತಿಳಿದದ್ದು ಕಸಬು ಬಲ್ಲ ಇನ್ನೊಬ್ಬನಿಗೂ ತಿಳಿಯುತ್ತದೆ. ಬುಧವಾರ ಬೆಳಿಗ್ಗೆ ಗಂಡನ ಮೈ ಒರೆಸಿ, ದಿಂಬಿಗೆ ಒರಗಿಸಿ, ಹನ್ನೊಂದನೆಯ ಹಾಳೆಯನ್ನು ಅವನ ಮುಖದೆದುರು ಹಿಡಿದಳು.

"ರೀ, ಇದು ನೋಡಿ. ನಾನೇ ಕೆತ್ತಿದ್ದು. ನಿಮ್ಮ ಹೆಸರು ಅಂತ ಕಾಣಲಿಲ್ಲ."

ಮಾನ್‌ಗಿಲ್ ಬಹಳ ಹೊತ್ತು ನೋಡಿದ. ಅವಳು ಅವನ ಕಣ್ಣಲ್ಲಿ ಸಿಟ್ಟು ಹುಡುಕಿದಳು. ಅವನ ಕಣ್ಣು ಹಾಳೆಯ ಮೇಲೆ ಸಾಲು ಸಾಲಾಗಿ ಇಳಿಯುತ್ತ, ಅಲ್ಲಲ್ಲಿ ನಿಲ್ಲುತ್ತ, ಹಿಂದಿನ ಕಾಲದಲ್ಲಿ ಅವಳ ಕೆಲಸ ಪರೀಕ್ಷಿಸುತ್ತಿದ್ದ ಹಾಗೆಯೇ ಹೋಯಿತು. ಎಡಗೈಯ ಎರಡು ಬೆರಳು ಹೊದಿಕೆಯ ಮೇಲೆ ಎದ್ದು, ಕಾಗದದ ಅಂಚನ್ನು ಹಿಡಿದವು. ಅವಳು ಮೆಲ್ಲಗೆ ಎಳೆದಳು. ಬಿಡಲಿಲ್ಲ.

"ಸುಡೋದು ಬೇಡ ಅಂತೀರಾ?"

ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು. ಹೌದು.

"ನನ್ನನ್ನ ಅಲ್ಲೇ ಇಟ್ಕೊಂಡ್ರೆ?"

ಇದಕ್ಕೆ ಅವನ ರೆಪ್ಪೆ ಅಲ್ಲಾಡಲಿಲ್ಲ. ಕಣ್ಣಂಚಿನಲ್ಲಿ ನೀರು ತುಂಬಿ ಕಿವಿಯ ಕಡೆ ಹರಿಯಿತು. ಅವಳು ಅದನ್ನು ಅದೇ ಒದ್ದೆ ಬಟ್ಟೆಯಿಂದ ಒರೆಸಿದಳು.

ಆ ಮಧ್ಯಾಹ್ನ ಕುಮ್‌ಜಾಳಿಗೆ ಎಲ್ಲ ಹೇಳಿದಳು. ಕುಮ್‌ಜಾ ಬಾಯಿ ಮುಚ್ಚಿಕೊಂಡು ಕೇಳಿದ್ದನ್ನು ಸುನ್ನಾಮ್ ಕಂಡದ್ದು ಅದೇ ಮೊದಲು. ಕೊನೆಗೆ, "ಬಸ್ಸು ಎಷ್ಟು ಗಂಟೆಗೆ?" ಎಂದಳು. "ಅಣ್ಣನನ್ನ ನಾನು ನೋಡ್ಕೋತೀನಿ. ಬಾಯಿ ಬಿಡಲ್ಲ ಅಂತ ಮಾತ್ರ ಹೇಳಲಾರೆ ಅಕ್ಕಾ, ನನ್ನ ಬಾಯಿ ನಿಮಗೆ ಗೊತ್ತು. ಬಿಡದೇ ಇರೋಕೆ ಪ್ರಯತ್ನ ಪಡ್ತೀನಿ."

ತನಿಖಾ ಕಚೇರಿಯಲ್ಲಿ ಅವಳ ಮುಂದೆ ಕೂತವನು ಮಗನಾಗಬಹುದಾದ ವಯಸ್ಸಿನ ಅಧಿಕಾರಿ. ಹದಿನಾಲ್ಕು ಹಾಳೆಗಳನ್ನು ಬಿಚ್ಚಿದಾಗ ಅವನ ಹುಬ್ಬು ಮೇಲೇರಿತು. ಫೋನೆತ್ತಿ ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ಹೆಸರುಗಳನ್ನು ಅರ್ಜಿಗಳ ಜೊತೆ ತಾಳೆ ನೋಡಿದರು. ಅವಳಿಗೆ ಜವೆಗೋಧಿ ಚಹಾ ಕೊಟ್ಟರು. ಅದು ಆರಿಹೋಯಿತು.

"ತೀರಿಕೊಂಡವರು ಇಪ್ಪತ್ಮೂರು ಜನ ಇದ್ದಾರೆ ಇದರಲ್ಲಿ," ಎಂದ ಅಧಿಕಾರಿ. "ನೀವು ಅದೇ ಊರಿನವರು. ಒಬ್ಬರದೂ ಗೊತ್ತಾಗಲಿಲ್ವಾ?"

"ಕೆತ್ತುವಾಗ ನಾವು ಓದಲ್ಲ ಸಾರ್. ಗೆರೆ ನೋಡ್ತೀವಿ. ಮರದ ಮೇಲೆ ಹೆಸರು ಉಲ್ಟಾ ಇರುತ್ತೆ."

"ಪಟ್ಟಿ ನೆಟ್ಟಗಿತ್ತಲ್ಲಮ್ಮ."

"ಪಟ್ಟಿಯಲ್ಲೂ ಗೆರೆನೇ ನೋಡ್ತೀವಿ."

"ನಿಮ್ಮ ಗಂಡನ ಹೆಸರು?"

ಅವಳು ಆರಿದ ಚಹಾದ ಲೋಟ ಬದಿಗೆ ಸರಿಸಿದಳು.

"ಒಂದು ಮರದ ತುಂಡು, ಒಂದು ಚಾಕು ಕೊಡಿ ಸಾರ್. ಕೆತ್ತಿ ತೋರಿಸ್ತೀನಿ. ಆಗ ನೀವೇ ನೋಡಿ."

"ಈ ಕಟ್ಟಡದೊಳಗೆ ಚಾಕು ತರೋ ಹಾಗಿಲ್ಲ," ಎಂದ. ಬಾಗಿಲಲ್ಲಿ ಅವಳ ಚೀಲದಿಂದ ಸೇಬು ಹೆಚ್ಚುವ ಚಾಕು ಕೂಡ ತೆಗೆದಿಟ್ಟುಕೊಂಡಿದ್ದರು. "ಗಂಡನ ಹೆಸರೂ ಕಾಣಲಿಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ?"

"ನಂಬೋ ಹಾಗಿಲ್ಲ ಅಂತ ನಂಗೂ ಗೊತ್ತು ಸಾರ್."

ಕೀಲಿಮಣೆ ಟಕಟಕ ಎಂದಿತು. ಆಮೇಲೆ ಹೇಳಿಕೆಯ ಹಾಳೆಗಳನ್ನು ಓದಲು ಕೊಟ್ಟರು. ಅವಳು ಒಂದೊಂದು ಅಕ್ಷರವನ್ನೂ ಓದಿದಳು, ಆರು ದಿನದಲ್ಲಿ ಓದದೆ ಬಿಟ್ಟದ್ದನ್ನೆಲ್ಲ ಈಗ ಓದುವವಳ ಹಾಗೆ. ಅವಳು ಹೇಳಿದ್ದೇ ಇತ್ತು, ಸುಳ್ಳೇನೂ ಸೇರಿರಲಿಲ್ಲ. ಗೆರೆಯ ವಿಚಾರ ಒಂದು ಸಾಲಿನಲ್ಲಿ ಮುಗಿದಿತ್ತು. ಕೊನೆಯ ಪುಟದಲ್ಲಿ ಮಾತ್ರ, 'ಇದು ನಂಬುವಂಥದ್ದೇ? ಉತ್ತರ: ನಂಬುವ ಹಾಗಿಲ್ಲವೆಂದು ನನಗೂ ಗೊತ್ತು,' ಎಂದು ಒಂಟಿಯಾಗಿ ನಿಂತಿತ್ತು. ಕಾಗದದ ಮೇಲೆ ಅದು ತಪ್ಪೊಪ್ಪಿಗೆಯ ಹಾಗೆ ಕಂಡಿತು.

"ಇದೊಂದನ್ನ ತೆಗೀಬಹುದಾ ಸಾರ್?"

"ನೀವು ಹೇಳಿಲ್ವಾ?"

"ಹೇಳಿದ್ದೀನಿ."

"ಹಾಗಾದ್ರೆ ಪ್ರತಿ ಪುಟಕ್ಕೂ ಹೆಬ್ಬೆಟ್ಟು ಒತ್ತಿ."

ಒತ್ತಿದಳು. ನಾಲ್ಕು ಗಂಟೆಗೆ ಬಿಟ್ಟರು. ಮತ್ತೆ ಕರೆಯುತ್ತೇವೆ, ಊರು ಬಿಡಬೇಡಿ, ಎಂದರು. ಬಸ್ಸಿನ ರೇಡಿಯೋದಲ್ಲಿ ಹನ್‌ಗೋಕ್ ಪ್ರಚಾರ ಕಚೇರಿಯ ಮಾಜಿ ಮುಖ್ಯಸ್ಥ ತಾಕ್‌ನನ್ನು ಬಂಧಿಸಿದ ಸುದ್ದಿ ಬರುತ್ತಿತ್ತು. ಅಧ್ಯಕ್ಷರು ವಿಷಾದ ವ್ಯಕ್ತಪಡಿಸಿದರಂತೆ. ಪಕ್ಕದ ಸೀಟಿನ ಮುದುಕ, "ವಿಷಾದ! ತನ್ನ ಮನೆ ನಾಯಿ ಕಚ್ಚಿದ್ರೆ ಬೀದಿ ನಾಯಿ ಅನ್ನೋ ಜನ," ಎಂದು ಕಿಟಕಿಗೆ ಹೇಳಿಕೊಂಡ.

ಅಂಗಡಿಯ ಬಾಗಿಲಲ್ಲಿ ಗ್ಯೂಹೋ ನಿಂತಿದ್ದ. ಕುಮ್‌ಜಾ ಬಾಯಿ ಬಿಟ್ಟಿದ್ದಳು ಎಂದು ಅವನ ಮುಖ ನೋಡಿದಾಗಲೇ ತಿಳಿಯಿತು. ಸುನ್ನಾಮ್ ಅವನಿಂದ ಮೂರು ಹೆಜ್ಜೆ ದೂರ ನಿಂತಳು. ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆದಳು. ಅವನು ಆ ಕೈಯನ್ನು ನೋಡಿದ, ಉಗುರಿನ ಸಂದಿಯ ಕೆಂಪು ಮಸಿ ನೋಡಿದ. ಅವಳ ಪಕ್ಕದಿಂದಲೇ ದಾಟಿ ಹೋದ. ಈ ಸಲ ಸೊಂಟ ಬಾಗಿಸಲಿಲ್ಲ.

ಒಳಗೆ ಮಾನ್‌ಗಿಲ್ ಎಡಮಗ್ಗುಲಲ್ಲಿ ಮಲಗಿದ್ದ. ಬೆನ್ನು ಮುಟ್ಟಿ ನೋಡಿದಳು. ಒಂದು ಕಡೆ ಕೆಂಪಗಾಗಿತ್ತು.

"ಎರಡು ತಾಸಿಗೊಮ್ಮೆ ತಿರುಗಿಸಿದೆ ಅಕ್ಕಾ, ಗಡಿಯಾರ ನೋಡ್ಕೊಂಡೇ," ಎಂದಳು ಕುಮ್‌ಜಾ. ಮುಖ ತಗ್ಗಿಸಿದ್ದಳು. "ಆದ್ರೆ ಗ್ಯೂಹೋ ಬಂದು ನೀವೆಲ್ಲಿ ಅಂತ ಕೇಳಿದ. ನಂಗೆ ಸುಳ್ಳು ಹೇಳೋಕೆ..."

"ಬಿಡು. ಕೈ ತೊಳೆದು ಬಾ."

"ಯಾಕೆ?"

"ಸೊಂಟ ಹಿಡಿದು ಎಳೆದಿದ್ದೀಯ, ಅದಕ್ಕೆ ಚರ್ಮ ಉಜ್ಜಿದೆ. ಮೊಣಕಾಲು ಮೊದಲು ಮಡಿಸ್ಬೇಕು. ಒಂದು ಕೈ ಹೆಗಲ ಕೆಳಗೆ ಹೋಗ್ಬೇಕು."

"ಇವತ್ತು ಬಂದ್ರಲ್ಲ ನೀವು, ಇನ್ನು ನಾನ್ಯಾಕೆ ಕಲೀಲಿ?"

"ಮತ್ತೆ ಕರೀತಾರೆ," ಎಂದಳು ಸುನ್ನಾಮ್. ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿ, ಗಂಡನ ಪಕ್ಕ ಮೊಣಕಾಲೂರಿ ಕೂತಳು. ಕುಮ್‌ಜಾ ಕೈ ತೊಳೆದು ಬಂದು ಎದುರಿಗೆ ಕೂತಳು. ಸುನ್ನಾಮ್ ಅವಳ ಕೈ ಹಿಡಿದು ಗಂಡನ ಹೆಗಲ ಕೆಳಗೆ ಸೇರಿಸಿದಳು. ಇನ್ನೊಂದನ್ನು ಮೊಣಕಾಲಿನ ಮೇಲಿಟ್ಟಳು.

"ಎತ್ತಬೇಡ, ಉರುಳಿಸು. ಮೊದಲು ಕರೀಬೇಕು, ಇಲ್ಲಾಂದ್ರೆ ಬೆಚ್ಚಿಬೀಳ್ತಾರೆ."

"ಅಣ್ಣಾ," ಎಂದಳು ಕುಮ್‌ಜಾ, "ತಿರುಗಿಸ್ತೀನಿ ಅಣ್ಣಾ."

ಮಾನ್‌ಗಿಲ್ ಅವಳನ್ನು ನೋಡಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದ. ಮೈ ನಿಧಾನವಾಗಿ ಇನ್ನೊಂದು ಮಗ್ಗುಲಿಗೆ ಹೊರಳಿತು.

"ಇನ್ನೊಂದ್ಸಲ," ಎಂದಳು ಸುನ್ನಾಮ್.